ಚೆಂಡಿನ ಮೇಲಿನ ಕುಂಕುಮ

ಹೊಸದುರ್ಗದ ಕಾಲೇಜಿನಲ್ಲಿ ನಾನು ಚಾ ಕೊಡ್ತಿದ್ದ ಕಾಲ. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಚಿತ್ರದುರ್ಗದಲ್ಲಿ ಮತ್ತೆ ಸೋತು ಬಂದಿತ್ತು.

"ಇವಕ್ಕೆ ಆಡೋ ಮನಸ್ಸಿಲ್ಲ ಸಾರ್, ತಂಡ ಮುಚ್ಚಿಬಿಡಾಣ," ಅಂದ್ರು ಆಟದ ಮೇಷ್ಟ್ರು, ಪ್ರಿನ್ಸಿಪಾಲರ ರೂಮಿನಲ್ಲಿ.

"ಚೆಂಡು ಕೊಟ್ರೆ ತಾನೆ ಸಾರ್ ಆಡೋದು?" ಅಂದ್ಲು ನಾಯಕಿ, ತಲೆ ಎತ್ತದೆ.

ಪ್ರಿನ್ಸಿಪಾಲರು ಆಟದ ಸಾಮಾನಿನ ಬೀರು ತೆಗೆಸಿದ್ರು. ಸವೆದೀತು ಅಂತ ಮೇಷ್ಟ್ರು ಬೀಗ ಹಾಕಿಟ್ಟಿದ್ದ ಚೆಂಡಿನ ಮೇಲೆ, ಆಯುಧಪೂಜೆಗೆ ನಾನು ಹಚ್ಚಿದ್ದ ಕುಂಕುಮ ಸಂಕ್ರಾಂತಿ ಕಳೆದರೂ ಹಂಗೇ ಇತ್ತು.

"ಆಡಿಸಿದ್ರೋ, ಪೂಜೆ ಮಾಡಿದ್ರೋ ಮೇಷ್ಟ್ರೇ?" ಅಂದ್ರು ಪ್ರಿನ್ಸಿಪಾಲರು.

ಮೇಷ್ಟ್ರು ಆ ಕುಂಕುಮನ ಬೆರಳಲ್ಲಿ ಮುಟ್ಟಿ ನೋಡಿದ್ರು. "ತಪ್ಪು ನಂದು ಸಾರ್. ತಂಡ ಇರಲಿ," ಅಂದು ಬೀಗದಕೈ ನಾಯಕಿ ಕೈಗಿಟ್ರು.

ಆಮೇಲೆ ಪ್ರತಿ ವರ್ಷ ನಾನು ಹಚ್ಚಿದ ಕುಂಕುಮ ಮಾರನೇ ದಿನಕ್ಕೇ ಅಳಿಸಿಹೋಗೋದು. ದೇವರು ಅದಕ್ಕೇನೂ ಮುನಿಸ್ಕಂಡಂಗೆ ಕಾಣಲಿಲ್ಲ.