ಗಿಯರಿನ ಮೇಲಿನ ಕೆಂಪು ಬೊಟ್ಟು

ನಾರ್ತ್ ಕೆರೊಲಿನಾದಿಂದ ಬಂದ ಪಾರ್ಸೆಲ್ ಬಿಚ್ಚಿದರೆ, ಎಣ್ಣೆ ಸವರಿದ ಹಳೆಯ ಲೇತ್ ಗಿಯರಿನ ಮೇಲೊಂದು ಕೆಂಪು ಬೊಟ್ಟು! ಹೆಂಡತಿ ಬಗ್ಗಿ ನೋಡಿ, "ರೀ, ಇವ್ರು ಪೂಜೆ ಮಾಡೇ ಕಳ್ಸಿದಾರೆ!" ಎಂದಳು.

ಅಮೆರಿಕದ ಜರ್ಮನ್‌ಟೌನಿನ ನಮ್ಮ ಗರಾಜಿನಲ್ಲಿ ನಾನು ರಿಪೇರಿ ಮಾಡುತ್ತಿದ್ದ, ಲೋಹ ಕಡೆಯುವ ಹಳೆಯ ಲೇತ್, ಅದೊಂದು ಗಿಯರಿಲ್ಲದೆ ಎರಡು ವರ್ಷ ಸುಮ್ಮನೆ ನಿಂತಿತ್ತು. ತಯಾರಿಸಿದ ಕಂಪನಿಯೇ ಈಗಿಲ್ಲ. ಓಡದಿದ್ದರೇನು, ಆಯುಧಪೂಜೆ ಮಾತ್ರ ತಪ್ಪಿಸಿರಲಿಲ್ಲ. ಕುಂಕುಮ, ಸೇವಂತಿಗೆ ಇಟ್ಟ ಲೇತಿನ ಫೋಟೊ ಹಾಕಿ, ಹಳೆಯ ಯಂತ್ರಪ್ರಿಯರ ಆನ್‌ಲೈನ್ ಗುಂಪೊಂದರಲ್ಲಿ ಗಿಯರ್ ಕೇಳಿದ್ದೆ. ಆ ಕೆಂಪು ಗುರುತೇನೆಂದು ಹಿರಿಯರೊಬ್ಬರು ವಿಚಾರಿಸಿದರು. ನಮಗಾಗಿ ದುಡಿಯುವ ಯಂತ್ರಗಳಿಗೆ ವರ್ಷಕ್ಕೊಮ್ಮೆ ಕೈಮುಗಿಯುತ್ತೇವೆ ಎಂದು ಬರೆದಿದ್ದೆ. ಗಿಯರ್ ಕಳಿಸಿದವರು ಅವರೇ.

ಥ್ಯಾಂಕ್ಸ್ ಹೇಳಲು ಫೋನ್ ಮಾಡಿದೆ. "ಅದು ನನ್ನ ಹೆಂಡತಿಯ ನೇಲ್ ಪಾಲಿಷ್" ಎಂದು ನಕ್ಕ ಆ ಅಮೆರಿಕನ್ ಹಿರಿಯರು, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: "ನಲವತ್ತು ವರ್ಷ ಈ ಗಿಯರ್ ನನ್ನ ಜೊತೆ ದುಡಿದಿದೆ. ಅದಕ್ಕೊಂದು ಥ್ಯಾಂಕ್ಸ್ ಹೇಳಬೇಕು ಅಂತ ಒಂದು ದಿನವೂ ಹೊಳೆದಿರಲಿಲ್ಲ."

ಈಗ ಲೇತ್ ಓಡುತ್ತಿದೆ. ಈ ಸಲದ ಆಯುಧಪೂಜೆಗೆ ಅದರ ಮೈಗೆಲ್ಲ ಕುಂಕುಮ ಇಟ್ಟೆ. ಆ ಗಿಯರಿಗೆ ಮಾತ್ರ ಇಡಲಿಲ್ಲ. ಅವರಿಟ್ಟ ಬೊಟ್ಟು ಇನ್ನೂ ಮಾಸಿರಲಿಲ್ಲ.