ಸಾವ್ಕಾರರು ಮುಖ ಸಿಂಡರಿಸಿದ ಚಿತ್ರ

ಹೋದ ಭಾನುವಾರ ನಾನು ಜಡ್ಜ್ ಆಗಿದ್ದೆ. ನಗಬೇಡಿ. ಕೋರ್ಟಿನಲ್ಲಲ್ಲ, ನಮ್ಮ ಆದೋನಿಯ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ.

ನಮ್ಮೂರಿನ, ಸುತ್ತಲಿನ ಊರುಗಳ ಹವ್ಯಾಸಿ ಚಿತ್ರಕಾರರೆಲ್ಲ ಸೇರಿ ಒಂದು ಸ್ಪರ್ಧೆ ಇಟ್ಟುಕೊಂಡಿದ್ದರು. ಮುಂದೆ ನಿಂತು ನಡೆಸಿದವನು ಫೋಟೋ ಸ್ಟುಡಿಯೋದ ಮಾಬು. ಫೋನ್ ಮಾಡಿ, "ಸಾರ್, ಜಡ್ಜ್ ಮೀರೇ", ಅಂದರೆ ನೀವೇ, ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟೇಬಿಟ್ಟ. ನನಗೆ ಚಿತ್ರಕಲೆ ಏನು ಗೊತ್ತು ಮಾರಾಯ ಎಂದೆ. "ವಾರಾ ವಾರಾ ಪೇಪರ್‌ನಾಗ ನಿಮ್ಮ ಫೋಟೋ ಬರ್ತೈತಲ್ರಿ, ಅಷ್ಟ ಸಾಕು" ಎಂದ. (ಫೋಟೋದ ಕೆಳಗಿನ ಅಂಕಣವನ್ನು ಓದುತ್ತೀಯೇನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.)

ನನ್ನ ಜೊತೆಗೆ ಇನ್ನೊಬ್ಬರು ಜಡ್ಜ್. ಚನ್ನಬಸಪ್ಪ ಸಾವ್ಕಾರರು. ನಲವತ್ತು ವರ್ಷದಿಂದ ಹತ್ತಿ ವ್ಯಾಪಾರ. ಬಿಳಿ ಅಂಗಿ, ಹಣೆ ತುಂಬ ವಿಭೂತಿ. ಮಾರುಕಟ್ಟೆ ಯಾರ್ಡಿನಲ್ಲಿ ಅವರು ಹತ್ತಿ ನೋಡುವುದನ್ನು ನೀವು ಒಮ್ಮೆ ನೋಡಬೇಕು. ರಾಶಿಯ ಮೇಲಿನದನ್ನು ಮುಟ್ಟುವುದೂ ಇಲ್ಲ. ಮೊಳಕೈವರೆಗೆ ಕೈ ಒಳಗೆ ಹಾಕಿ ಒಂದು ಹಿಡಿ ಈಚೆ ತೆಗೆಯುತ್ತಾರೆ. ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಎಳೆಯುತ್ತಾರೆ. ಎಳೆ ಎಷ್ಟು ಉದ್ದ, ತೇವ ಎಷ್ಟು, ಕಸ ಎಷ್ಟು, ಎಲ್ಲ ಬೆರಳಿಗೇ ಗೊತ್ತಾಗಿಬಿಡುತ್ತದೆ. ಅವತ್ತಿನ ಬಹುಮಾನದ ಶೀಲ್ಡುಗಳನ್ನು ಮಾಡಿಸಿಕೊಟ್ಟವರು ಅವರೇ. ಹಾಗಾಗಿ ಜಡ್ಜ್. ಒಟ್ಟಿನಲ್ಲಿ ಇಬ್ಬರ ಅರ್ಹತೆಯೂ ಸರಿಸಮ ಅನ್ನಿ.

ಮೂವತ್ತು ಚಿತ್ರ ಗೋಡೆ ಮೇಲೆ. ಬರೆದವರು ತಮ್ಮ ತಮ್ಮ ಚಿತ್ರದ ಪಕ್ಕದಲ್ಲೇ ನಿಂತಿರಬೇಕು ಎಂದು ಮಾಬುವಿನ ಆರ್ಡರ್. ಪ್ರತಿ ಚಿತ್ರಕ್ಕೂ ಒಬ್ಬೊಬ್ಬ ಜಡ್ಜ್ ಇಪ್ಪತ್ತೈದಕ್ಕೆ ಇಷ್ಟು ಎಂದು ಅಂಕ ಹಾಕಬೇಕು.

ಚಿತ್ರವನ್ನು ಅಳೆಯುವುದು ಹೇಗೆ? ನನಗೆ ಗೊತ್ತಿದ್ದದ್ದು ಒಂದೇ ವಿಧಾನ. ಮೂರು ಹೆಜ್ಜೆ ಹಿಂದೆ ಹೋಗಿ, ಗಲ್ಲದ ಮೇಲೆ ಕೈ ಇಟ್ಟು, "ಹೂಂ" ಅನ್ನುವುದು. ನೋಡಲು ಬಂದ ಜನರ ವಿಧಾನಗಳು ಬೇರೆ. ಒಬ್ಬರಿಗೆ ಫ್ರೇಮು ದೊಡ್ಡದಿರಬೇಕು. ಇನ್ನೊಬ್ಬರು "ಎಷ್ಟು ದಿನ ಹಿಡೀತು?" ಎಂದು ಕೇಳಿ, ಎರಡು ತಿಂಗಳು ಎಂದರೆ ಗೌರವದಿಂದ ತಲೆ ಆಡಿಸಿದರು. ಒಬ್ಬ ಮಹಾಶಯ ಹುಲಿಯ ಮೀಸೆ ಎಣಿಸುತ್ತಿದ್ದ!

ಸಾವ್ಕಾರರು ಮಾತ್ರ ಎಲ್ಲರ ಎದುರೂ ನಗುನಗುತ್ತ, "ಚಂದ ಐತಿ, ಭಾಳ ಚಂದ ಐತಿ" ಎಂದು ಮುಂದೆ ಸಾಗುತ್ತಿದ್ದರು. ಎಂಥ ದೊಡ್ಡ ಮನಸ್ಸು ಅಂದುಕೊಂಡೆ.

ಹಾಲ್‌ನ ಮೂಲೆಗೆ ಬಂದೆವು. ಅಲ್ಲಿ ಶಾರದಾ. ಎಮ್ಮಿಗನೂರಿನ ಮೆಡಿಕಲ್ ಶಾಪೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ನಾಗಲದಿನ್ನೆಯ ಸೊಸೆ. ಮದುವೆಯಾದಾಗಿನಿಂದ ಮನೆಯಲ್ಲೇ ಬರೆದು ಟ್ರಂಕಿನಲ್ಲಿ ಇಟ್ಟುಕೊಂಡವಳು. "ಇದೊಂದು ಸಲ ಹೊರಗ ಇಡ್ತೀನಿ. ಬ್ಯಾಡ ಅಂದ್ರ ಬ್ರಷ್ ಒಳಗ ಇಟ್ಟುಬಿಡ್ತೀನಿ" ಎಂದು ಹೇಳಿಯೇ ಬಂದಿದ್ದಾಳೆ ಎಂದು ಮಾಬು ಮೊದಲೇ ನನ್ನ ಕಿವಿಯಲ್ಲಿ ಹಾಕಿದ್ದ.

ಫ್ರೇಮಿಲ್ಲ. ಟಾನಿಕ್ ಬಾಟಲಿ ಬರುವ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಅದರ ಮೇಲೆ ಬರೆದ ಚಿತ್ರ. ವಯಸ್ಸಾದ ಹೆಂಗಸೊಬ್ಬಳು ಕಟ್ಟೆಯ ಮೇಲೆ ಕೂತು ಸೀರೆಗೆ ಅಂಟಿದ ಹತ್ತಿ ಬಿಡಿಸಿಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ಹತ್ತಿಯ ರಾಶಿ. ಅಷ್ಟೇ. ಆದರೆ ನನ್ನ ಕೈ ಗಲ್ಲಕ್ಕೆ ಹೋಗುವುದನ್ನೇ ಮರೆಯಿತು. ಸುಮ್ಮನೆ ನೋಡುತ್ತ ನಿಂತುಬಿಟ್ಟೆ. ಮನಸ್ಸಿಗೆ ಹಿತವಾಯಿತು. ಇಪ್ಪತ್ತೆರಡು ಎಂದು ಬರೆದೆ.

ಆಗ ಸಾವ್ಕಾರರು ಬಂದರು. ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದರು. ನಗು ಮಾಯವಾಯಿತು. ಮುಖ ಸಿಂಡರಿಸಿ, "ತೇವ ಐತಿ" ಎಂದರು. ಇನ್ನೊಮ್ಮೆ ಬಗ್ಗಿ, "ಕಸಾನೂ ಐತಿ. ಎಳಿ ಗಿಡ್ಡ. ಬಣ್ಣಾನೂ ಹೋಗೇತಿ" ಎಂದು ಏನೋ ಗೀಚಿಕೊಂಡು ಮುಂದೆ ಹೋದರು.

ಶಾರದಾಳ ಮುಖ ಸಣ್ಣದಾಯಿತು.

ನಾನು ಕೊಟ್ಟ ಅಂಕ? ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಮಾಲು ನೋಡುವುದರಲ್ಲಿ ನಲವತ್ತು ವರ್ಷ ಪಳಗಿದ ಕಣ್ಣು ಬೇಡ ಅಂದಮೇಲೆ ನನ್ನದೇನು? ಇಪ್ಪತ್ತೆರಡನ್ನು ಹೊಡೆದು ಹಾಕಿದೆ. ಹದಿನೈದು ಎಂದು ಬರೆದೆ. ತಮಾಷೆ ನೋಡಿ, ಹದಿನೈದು ಬರೆದ ಕೂಡಲೇ ಆ ಚಿತ್ರದಲ್ಲಿ ನನಗೂ ನಾಲ್ಕು ತಪ್ಪು ಕಾಣತೊಡಗಿದವು. ಕೈ ಸ್ವಲ್ಪ ಉದ್ದವಾಯಿತೇನೋ. ನೆರಳು ಆ ಕಡೆ ಬೀಳಬೇಕಿತ್ತೇನೋ.

ನಾವೆಲ್ಲ ಹೀಗೇ ಅಲ್ಲವೇ? ಹೋಟೆಲಿನಲ್ಲಿ ದೋಸೆ ಬಾಯಿಗೆ ಇಡುವ ಮೊದಲು ಮೊಬೈಲಿನಲ್ಲಿ ಎಷ್ಟು ಸ್ಟಾರ್ ಎಂದು ನೋಡುತ್ತೇವೆ. ಸಂಗೀತ ಮುಗಿದಾಗ ಚಪ್ಪಾಳೆ ತಟ್ಟುವ ಮೊದಲು ಪಕ್ಕದವರ ಕೈ ಮೇಲೆದ್ದಿತೇ ಎಂದು ಓರೆಗಣ್ಣು ಹಾಯಿಸುತ್ತೇವೆ. ನಾಲಿಗೆ ನಮ್ಮದು, ಕಿವಿ ನಮ್ಮದು, ರುಚಿ ಮಾತ್ರ ಪರರದು.

ತಿರುಗಿ ನೋಡಿದರೆ ಶಾರದಾ ಚಿತ್ರವನ್ನು ಮೊಳೆಯಿಂದ ಇಳಿಸಲು ಕೈ ಹಾಕಿದ್ದಳು. ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಅವಳ ಅತ್ತೆ ಈರಮ್ಮ ಎದ್ದು ಬಂದರು. ಚಿತ್ರದಲ್ಲಿರುವ ಹೆಂಗಸು ಇವರೇ ಎಂದು ನನಗೆ ಆಗ ಗೊತ್ತಾಯಿತು.

"ಯಾಕ ತಗೀತಿ?"

"ಕೇಳಲಿಲ್ಲೇನ್ರಿ ಅತ್ತಿ? ಒಂದೂ ಚಲೋ ಇಲ್ಲಂದ್ರು."

ಈರಮ್ಮ ನಕ್ಕುಬಿಟ್ಟರು. "ಹುಚ್ಚಿ, ಇರಲಿ ಬಿಡು ಅಲ್ಲೇ. ಮೂವತ್ತು ವರ್ಷ ಹತ್ತಿ ಹೇರಿಕೊಂಡು ಯಾರ್ಡಿಗೆ ಬಂದಾಕಿ ನಾನು. ಸಾವ್ಕಾರ ನಕ್ಕು 'ಚಂದ ಐತಿ' ಅಂದ್ರ ಮುಂದಿನ ರಾಶಿಗೆ ಹೊಂಟಾನ ಅಂತ. ಮಾರಿ ಸಿಂಡರಿಸಿ, ರೇಟ್ ಇಳಿಸಾಕ ನಾಕು ತಪ್ಪು ತಗದಾನ ಅಂದ್ರ, ಅವಗ ಅದು ಬೇಕು."

ಅಷ್ಟಕ್ಕೇ ನಿಲ್ಲಲಿಲ್ಲ. ಸೆರಗು ಬಿಗಿದು ಕೂಗಿದರು. "ಸಾವ್ಕಾರ್ರ, ಇಲ್ಲಿ ಬರ್ರಿ. ತೇವ ಐತಿ ಅಂದ್ರಲ್ಲ, ಇರಲಾರ್ದ ಏನು ಮಾಡ್ತೈತಿ? ಕಡೀ ಸಲ ಬಿಡಿಸಿದ ಹತ್ತಿ ಅದು. ಹಿಂದಿನ ದಿನ ಮಳಿ ಬಂದಿತ್ತು."

ಸಾವ್ಕಾರರು ಐದು ಚಿತ್ರ ದಾಟಿ ಹೋಗಿದ್ದವರು ವಾಪಸ್ ಬಂದರು. "ಅದಕ್ಕ ಅಂತೀನವ್ವಾ, ಬಣ್ಣ ಹೋಗೇತಿ ಅಂತ."

"ಹೋಗಿದ್ದು ತಳದ ಎರಡು ಹಿಡಿ ಅಷ್ಟ. ಮ್ಯಾಲಿಂದು ನೋಡ್ರಿ, ಹೆಂಗ ಬೆಳ್ಳಗ ಐತಿ."

"ಮ್ಯಾಲಿಂದು ನಾ ಯಾವಾಗ ನೋಡೀನಿ?" ಎಂದವರೇ ಸಾವ್ಕಾರರು ಅಂಗಿಯ ತೋಳು ಮೇಲೆ ಸರಿಸಿದರು. ಚಿತ್ರದ ರಾಶಿಗೆ ಕೈ ಹಾಕಿಯೇಬಿಟ್ಟರು.

ರಟ್ಟಿಗೆ ಉಗುರು ಬಡಿದು ಟಕ್ ಅಂದಿತು.

ಸಾವ್ಕಾರರು ತಮ್ಮ ಬೆರಳು ನೋಡಿಕೊಂಡರು. ಚಿತ್ರ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. "ನಲವತ್ತು ವರ್ಷದಾಗ ಯಾರ ಕೈಯಾಗೂ ಸಿಕ್ಕಿರಲಿಲ್ಲ. ಈ ಹುಡುಗಿ ಕೈಯಾಗ ಸಿಕ್ಕಿಬಿದ್ದೆ ನೋಡ್ರಿ" ಎಂದು ತಮ್ಮ ಅಂಕದ ಹಾಳೆಯನ್ನು ಎಲ್ಲರಿಗೂ ತೋರಿಸಿದರು. ನಗುನಗುತ್ತ ಹೊಗಳಿದವಕ್ಕೆಲ್ಲ ಹತ್ತು, ಹನ್ನೆರಡು. ಶಾರದಾಳ ಚಿತ್ರದ ಎದುರು ಇಪ್ಪತ್ತೈದಕ್ಕೆ ಇಪ್ಪತ್ತೈದು.

ಶಾರದಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಮೂಗು ಒರೆಸಿಕೊಂಡು ಅತ್ತೆಯ ಕಡೆ ತಿರುಗಿ, "ಹಂಗಾದ್ರ ಅತ್ತಿ, ನಾ ಮಾಡಿದ ಸಾರಿಗೆ ನೀವು ದಿನಾ ತಪ್ಪು ತಗೀತೀರಲ್ಲ, ಅದು?" ಎಂದು ಕೇಳಿದಳು.

"ಸಾರಿನ ಮಾತು ಬ್ಯಾರೆ" ಎಂದರು ಈರಮ್ಮ.

ಈ ಗದ್ದಲದಲ್ಲಿ ನಾನು ಗೋಡೆಯ ಕಡೆ ತಿರುಗಿ, ಹದಿನೈದನ್ನು ಹೊಡೆದು ಮತ್ತೆ ಇಪ್ಪತ್ತೆರಡು ಮಾಡಿದೆ. ಯಾರೂ ನೋಡಲಿಲ್ಲ ಅಂದುಕೊಂಡೆ. ಮೊದಲ ಬಹುಮಾನ ಶಾರದಾಗೇ ಬಂತು. ಶೀಲ್ಡನ್ನು ಎದೆಗೆ ಅವಚಿಕೊಂಡು, ಮುಂದಿನ ಚಿತ್ರಕ್ಕೆ ರಟ್ಟು ಬೇಡ, ಬಟ್ಟೆ ತರಬೇಕು ಎಂದು ಮಾಬುವಿಗೆ ಹೇಳುತ್ತಿದ್ದಳು. ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಚಹಾ ಕುಡಿಯುವಾಗ ಈರಮ್ಮ ಬಂದು ಪಕ್ಕದಲ್ಲಿ ಕೂತರು. "ನೀವೆಷ್ಟು ಕೊಟ್ರಿ ಸಾರ್?" ಎಂದರು.

ಅವರ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ. ಮೊದಲು ಇಪ್ಪತ್ತೆರಡು, ಆಮೇಲೆ ಹದಿನೈದು, ಆಮೇಲೆ ಮತ್ತೆ ಇಪ್ಪತ್ತೆರಡು ಎಂದೆ.

ಈರಮ್ಮ ಸಾಸರಿಗೆ ಚಹಾ ಸುರಿದುಕೊಂಡು, ಊದಿ, ಕುಡಿದು, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಧ್ವನಿಯಲ್ಲಿ ಕೇಳಿದರು:

"ಚಿತ್ರ ಅಲ್ಲೇ ಗ್ವಾಡಿ ಮ್ಯಾಲೇ ಇತ್ತಲ್ರಿ, ನಡುವ ಅದರಾಗ ಏನು ಬದಲಾತು?"