ಹನ್ನೆರಡು ಹಿಡಿ ಉಪ್ಪು

ಆಳಂದದ ಸರ್ದಾರ ಮೂವತ್ತು ವರ್ಷ ಮದುವೆ ಮನೆಗಳಲ್ಲಿ ಅಡುಗೆ ಮಾಡಿದ ಬಾವರ್ಚಿ. ತಕ್ಕಡಿ ಮುಟ್ಟಿದವನಲ್ಲ, ಬಡಿಸುವ ಮುಂಚೆ ನಾಲಿಗೆಗೆ ಹಚ್ಚಿದವನೂ ಅಲ್ಲ. ಒಂದು ದೇಗು ದಾಲ್ಚಾಕ್ಕೆ, ಅಂದರೆ ಸೊಂಟದೆತ್ತರದ ತಾಮ್ರದ ಹಂಡೆಯ ತುಂಬ ಬೇಳೆ-ಮಾಂಸದ ಸಾರಿಗೆ, ಹನ್ನೆರಡು ಹಿಡಿ ಹರಳುಪ್ಪು. ಹಾಕಿದರೆ ಹಾಕಿದ ಹಾಗೆ. “ರುಚಿ ನೋಡಂವ ಬಾವರ್ಚಿ ಅಲ್ಲ, ಹಸದಂವ” ಎಂದು ಮೀಸೆ ತಿರುವುತ್ತಿದ್ದ. ಜಂಬದ ಮನುಷ್ಯ, ಆದರೆ ಜಂಬಕ್ಕೆ ತಕ್ಕ ಕೈಯೂ ಇತ್ತು.

ಅನ್ನ ಗಂಟಲಲ್ಲಿ ನಿಲ್ಲತೊಡಗಿದಾಗ ಮಗಳು ಗುಲಫಶಾ ಅವನನ್ನು ಕಲಬುರಗಿಗೆ ಕರೆದುಕೊಂಡು ಹೋದಳು. ಪರೀಕ್ಷೆಗಳಾದವು. ಡಾಕ್ಟರು ಹೇಳಿದ್ದನ್ನು ಹೊರಗೆ ನಿಂತು ಕೇಳಿಸಿಕೊಂಡವರು ಮಗಳು ಮತ್ತು ಹೆಂಡತಿ ಮೆಹರಾಜಬೇಗಂ. ಸರ್ದಾರನಿಗೆ ಸಿಕ್ಕಿದ್ದು “ಅಲ್ಸರ್ ಅಂತ, ಗುಳಿಗಿ ಕೊಟ್ಟಾರ” ಅನ್ನುವ ಮಾತು. ಅವನು ನಂಬಿದ. ನಂಬಿ, ಮನೆಗೆ ಬಂದವರಿಗೆ ಎರಡು ಮದುವೆಗೆ ಜಬಾನೂ ಕೊಟ್ಟುಬಿಟ್ಟ. ಎರಡು ತಿಂಗಳಿಗೆ ಗೊಬ್ಬೂರದ್ದು, ಬಕ್ರೀದ್ ಆದ ಮೇಲೆ ಮಾದನಹಿಪ್ಪರಗಾದ್ದು. ಅವನ ಜಬಾನು, ಕೊಟ್ಟ ಮಾತು, ಅಂದರೆ ಕಲ್ಲಿನ ಮೇಲೆ ಬರೆದ ಹಾಗೆ. ಅದು ಗೊತ್ತಿದ್ದೂ ಹೆಂಡತಿ, ಮಗಳು ಸುಮ್ಮನಿದ್ದರು.

ಈ ನಡುವೆ ಜೇವರ್ಗಿಯಲ್ಲಿ ಒಂದು ಮದುವೆ ಬಂತು. ಊಟಕ್ಕೆ ಕೂತ ಮುದುಕಿ ಕುಲಸುಮಬಿ ಅಲ್ಲಿಂದಲೇ ಕೂಗಿದಳು: “ಏ ಸರ್ದಾರ, ನಿನ್ನ ಕೈಗೇನಾತಲೇ? ದಾಲ್ಚಾ ಸಪ್ಪಗದ!”

“ಈಗಿನ ಉಪ್ಪಿನ್ಯಾಗ ದಮ್ಮಿಲ್ಲ ಬೇ” ಎಂದು ಸರ್ದಾರ ಉಪ್ಪನ್ನೇ ಬೈದ. ಇನ್ನೂ ಬಡಿಸದ ದೇಗಿಗೆ ಮತ್ತೆ ಮೂರು ಹಿಡಿ ಹಾಕಿದ ಮೇಲೆ ಮುದುಕಿ ತಲೆಯಾಡಿಸಿದಳು. ಹಾಕುವಾಗ ಅವನು ಕಂಡ, ತನ್ನ ಮುಚ್ಚಿದ ಬೆರಳುಗಳ ಸಂದಿಯಿಂದ ಉಪ್ಪು ಸೋರುತ್ತಿತ್ತು. ಮಾಂಸವೆಲ್ಲ ಕರಗಿ ಕೈ ಕಟ್ಟಿಗೆಯಾಗಿತ್ತು.

ಮರುದಿನ ಯಾರಿಗೂ ಹೇಳದೆ ಕಲಬುರಗಿಯ ಬಸ್ಸು ಹತ್ತಿದ.

“ಡಾಕ್ಟರ್ ಸಾಬ್, ಅಲ್ಸರಿಗೆ ಕೈ ಹಿಂಗ ಆಗ್ತದೇನ್ರಿ? ನಾ ಎರಡು ಮದಿವಿಗೆ ಜಬಾನ್ ಕೊಟ್ಟೇನಿ. ದೇಗಿನ ಮುಂದ ನಿಂದರತೇನೋ ಇಲ್ಲೋ, ಅಷ್ಟ ಹೇಳ್ರಿ.”

ಡಾಕ್ಟರು ಹೇಳಿದರು. ಅನ್ನನಾಳದ ಕ್ಯಾನ್ಸರ್, ಲಿವರಿಗೂ ಹೋಗಿದೆ. ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು. ನಿಂತು ಅಡುಗೆ ಮಾಡುವುದು ಕಷ್ಟ.

ಮನೆಗೆ ಬಂದವನು ರೋಗದ ಮಾತೆತ್ತಲಿಲ್ಲ. “ಗೊತ್ತಿದ್ದೂ ನನ್ನ ಬಾಯಿಲೆ ಜಬಾನ್ ಕೊಡಸಿದ್ರಿ!” ಎಂದು ಹೆಂಡತಿಯ ಮೇಲೆ ಹರಿಹಾಯ್ದ.

“ಹೇಳಿದ್ರ ಅವತ್ತೇ ಎದಿ ಒಡಕೊಂಡು ಹೋಗ್ತೀರಂತ ಅಂಜಿದೆವ್ರಿ” ಎಂದು ಮೆಹರಾಜ ಅತ್ತಳು.

“ಈಗ ಹೇಳ್ಯಾರಲ್ಲ. ಹೋಗೇನೇನ?”

ಬಾಯಿಮಾತಿಗೆ ಹಾಗಂದನೇ ಹೊರತು, ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಂಜಿಕೆಯಾಗಿತ್ತು. ಯಾರಿಗಾದರೂ ಆಗುತ್ತದೆ. ನಾಲ್ಕನೆಯ ದಿನ ಎದ್ದು ಮಾದನಹಿಪ್ಪರಗಾಕ್ಕೆ ಫೋನು ಹಚ್ಚಿದ: “ಬ್ಯಾರೆಯವ್ರನ್ನ ನೋಡ್ಕೊರ್ರಿ. ಬಕ್ರೀದಿಗೆ ನಾ ಇರೂದಿಲ್ಲ.”

ಗೊಬ್ಬೂರದ್ದನ್ನು ಮಾತ್ರ ಬಿಡಲು ಮನಸ್ಸು ಬರಲಿಲ್ಲ. ಮದುಮಗಳು ಮಿನಾಜ ಹುಟ್ಟಿದಾಗ ಅಕೀಕಾದ, ಅಂದರೆ ಕೂಸಿನ ಮುಡಿ ತೆಗೆಯುವ ದಿನದ, ಅಡುಗೆ ಇವನದೇ. “ಇಕಿ ಶಾದಿಗೂ ನಂದೇ ದೇಗು” ಎಂದು ಅಂದೇ ಅವಳ ತಾಯಿ ಗೌಸಿಯಾಬೇಗಂಗೆ ಹೇಳಿದ್ದ. ಮನೆಯಲ್ಲಿ ಮೂವತ್ತು ವರ್ಷ ಅವನಿಗೆ ಮಸಾಲೆ ಅರೆದುಕೊಟ್ಟವಳು ಮೆಹರಾಜ. ದೇಗಿನ ಹತ್ತಿರ ಮಾತ್ರ ಅವನೇ ಬಿಟ್ಟುಕೊಂಡಿರಲಿಲ್ಲ. ಈಗ ಗೊಬ್ಬೂರದ ಅಡುಗೆಯನ್ನು ಅವಳ ಕೈಯಿಂದಲೇ ಮಾಡಿಸುವುದೆಂದು ಗಟ್ಟಿ ಮಾಡಿ ಗೌಸಿಯಾಬೇಗಂಗೂ ತಿಳಿಸಿದ.

“ಹೆಣ್ಮಗಳು ದೇಗು ಏರಿಸಿದ್ರ ಮಂದಿ ಏನಂದಾರು?” ಎಂದಳು ಗೌಸಿಯಾಬೇಗಂ.

“ಉಂಡು ಏನಂತಾರ ಅನ್ನೂದು ನೋಡಬೇ” ಎಂದ ಸರ್ದಾರ.

ಅಂಗಳದಲ್ಲಿ ಪಾಠ ಶುರುವಾಯಿತು. ಬೆಂಕಿ, ನೀರು, ಹುಣಸೆ ಎಲ್ಲ ಮೆಹರಾಜಳಿಗೆ ಬೇಗ ಬಂತು. ಉಪ್ಪಿನ ಹತ್ತಿರ ಬಂದು ನಿಂತಳು. “ನಿಮ್ಮ ಹಿಡಿ ಎಲ್ಲಿ, ನನ್ನ ಹಿಡಿ ಎಲ್ಲಿ?”

ಅವನು ಅವಳ ಮುಷ್ಟಿಯ ಪಕ್ಕ ತನ್ನ ಮುಷ್ಟಿ ಇಟ್ಟ. ಎರಡೂ ಒಂದೇ ಅಳತೆಯಾಗಿದ್ದವು. ಮೆಹರಾಜ ಮುಖ ತಿರುಗಿಸಿಕೊಂಡಳು.

“ಅಳಬ್ಯಾಡ, ಲೆಕ್ಕ ಕೇಳು. ಜೇವರ್ಗ್ಯಾಗ ಈ ಕೈಲೆ ಹನ್ನೆರಡು ಹಾಕಿದೆ, ಮತ್ತ ಮೂರು ಬೇಕಾತು. ಹಂಗಾರ ನಿನ್ನ ಕೈಲೆ ಹದಿನೈದು.”

ಮದುವೆಯ ಹೊತ್ತಿಗೆ ಸರ್ದಾರ ಹಾಸಿಗೆ ಹಿಡಿದಿದ್ದ. ಮಧ್ಯಾಹ್ನ ಪಂಕ್ತಿ ಎದ್ದ ಕೂಡಲೇ ಮೆಹರಾಜ ಡಬ್ಬಿ ಹಿಡಿದು ಗೊಬ್ಬೂರದಿಂದ ಬಂದಳು. ನುಂಗಲು ಅವನಿಗೆ ನೀರೂ ಕಷ್ಟ. ಬೆರಳ ತುದಿ ಅದ್ದಿ ದಾಲ್ಚಾ ನಾಲಿಗೆಗೆ ಹಚ್ಚಿಕೊಂಡ.

“ರುಚಿ ನೋಡಂವ ಬಾವರ್ಚಿ ಅಲ್ಲ ಅಂತಿದ್ರಿ?” ಎಂದು ಕೆಣಕಿದಳು.

“ಈಗ ಬಾವರ್ಚಿ ನೀ” ಎಂದ. ಇನ್ನೊಮ್ಮೆ ಬೆರಳು ಅದ್ದಿದ. “ಹದಿನೈದು?”

“ಹದಿನೈದೇ ರೀ.”

ಅವನು ದಿಂಬಿನ ಪಕ್ಕದ ಫೋನನ್ನು ಅವಳ ಕಡೆ ಸರಿಸಿದ.

“ಮಾದನಹಿಪ್ಪರಗಾದವ್ರಿಗೆ ಹಚ್ಚು. ಬ್ಯಾರೆಯವ್ರಿಗೆ ಇನ್ನೂ ಹೇಳಿಲ್ಲಂದ್ರ ಹೇಳಬ್ಯಾಡ್ರಿ ಅನ್ನು. ಬಕ್ರೀದ್ ಆದ ಮ್ಯಾಲ ಮೆಹರಾಜ ಬರ್ತಾಳ, ಸರ್ದಾರ ಜಬಾನ್ ಕೊಟ್ಟಾನ ಅನ್ನು.”